ಎಡಗಡೆ ಮೊದಲು, ಸಾರ್

ಕಳೆದ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಬಸವೇಶ್ವರನಗರದ ಹಿಟ್ಟಿನ ಗಿರಣಿಯೊಂದರ ಮೇಲಿನ ಮನೆಯಿಂದ ಒಂದು ತಗಡಿನ ಬೋರ್ಡನ್ನು ಇಳಿಸಲಾಯಿತು. ಇಳಿಸಿದವರು ಅದನ್ನು ಹಾಕಿಸಿದ್ದವರೇ. ಕೆಳಗೆ ಸ್ಟೂಲ್ ಹಿಡಿದು ನಿಂತಿದ್ದವನು ನಾನು. ಬೋರ್ಡಿನಲ್ಲಿ ಹೀಗಿತ್ತು: "ಮನಸ್ಸಿಗೆ ಸಂಬಂಧಿಸಿದ ಇಂಗ್ಲಿಷ್ ಪದಗಳನ್ನು ಕಲಿಸಲಾಗುವುದು. ನರ್ಸಿಂಗ್ ಓದುವವರಿಗೆ, ಕೌನ್ಸೆಲಿಂಗ್ ತರಬೇತಿಯವರಿಗೆ. ಇತರರೂ ಬರಬಹುದು."

ಎಂಟು ತಿಂಗಳು ನಾನು ಆ ಕೊನೆಯ ವಾಕ್ಯದ ವಿದ್ಯಾರ್ಥಿಯಾಗಿದ್ದೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ 'ಇತರೆ' ಎಂದು ಬರೆದಿತ್ತು. ಒಂದು ತಿಂಗಳಾಗುವಷ್ಟರಲ್ಲಿ ಹೆಸರು ಬಿದ್ದುಹೋಗಿ 'ಇತರೆ' ಉಳಿಯಿತು. "ಇತರೆ ಬಂದ್ರಾ? ಬನ್ನಿ ಸಾರ್, ಬೋರ್ಡ್ ಒರೆಸಿ," ಎನ್ನುವುದು ಅವರು ನನ್ನನ್ನು ಸ್ವಾಗತಿಸುತ್ತಿದ್ದ ರೀತಿ.

ಅವರ ಹೆಸರು ಇಲ್ಲಿ ಇರುವುದಿಲ್ಲ. ಅದು ಅವರದೇ ಷರತ್ತು. "ಬರೀರಿ ಬೇಕಾದ್ರೆ. ಪೇಪರಿನೋರು ಬರೀದೆ ಇರ್ತೀರಾ? ಹೆಸರು ಮಾತ್ರ ಬೇಡ. ಕೇಸ್ ಶೀಟಲ್ಲೂ ಟೈಪಿಸ್ಟ್ ಹೆಸರು ಇರ್ತಿರ್ಲಿಲ್ಲ."

ಅವರು ಟೈಪಿಸ್ಟ್ ಆಗಿದ್ದರು. ಒಂದು ದೊಡ್ಡ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಮೂವತ್ತು ವರ್ಷ, ಮೊದಲು ಟೈಪ್‌ರೈಟರ್‌ನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ, ಡಾಕ್ಟರುಗಳು ಹೇಳಿದ್ದನ್ನು ಟೈಪ್ ಮಾಡಿದವರು. ತಂದೆ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಓದಿದ್ದು ಎಸ್ಸೆಸ್ಸೆಲ್ಸಿ, ಜೊತೆಗೆ ಸೀನಿಯರ್ ಟೈಪಿಂಗ್ ಪರೀಕ್ಷೆ. ಅವರ ಇಂಗ್ಲಿಷ್ ಇದ್ದದ್ದು ಬೆರಳುಗಳಲ್ಲಿ. ಯಾವುದಾದರೂ ಪದದ ಸ್ಪೆಲಿಂಗ್ ಕೇಳಿದರೆ ಕಣ್ಣು ಮುಚ್ಚಿ, ಮೇಜಿನ ಮೇಲೆ ಹತ್ತು ಬೆರಳು ಓಡಿಸಿ, ಬೆರಳು ಹೇಳಿದ್ದನ್ನು ನಮಗೆ ದಾಟಿಸುತ್ತಿದ್ದರು. ಒಮ್ಮೆಯೂ ತಪ್ಪಲಿಲ್ಲ. ನಾನು ಮನೆಗೆ ಬಂದು ನಿಘಂಟಿನಲ್ಲಿ ಪರಿಶೀಲಿಸುತ್ತಿದ್ದೆ, ಅದು ವೃತ್ತಿಯಿಂದ ಅಂಟಿದ ಚಾಳಿ. ಉಚ್ಚಾರಣೆಯ ಬಗ್ಗೆ ಮಾತ್ರ ಅವರು ಯಾವ ಭರವಸೆಯನ್ನೂ ಕೊಡುತ್ತಿರಲಿಲ್ಲ. "ಹತ್ತು ಡಾಕ್ಟ್ರು ಹತ್ತು ಥರ ಹೇಳ್ತಿದ್ರು. ನಾನು ಒಂದೇ ಥರ ಟೈಪ್ ಮಾಡ್ತಿದ್ದೆ."

ನಾನು ಅಲ್ಲಿಗೆ ಹೋದ ಕಾರಣವನ್ನು ಹೇಳದಿದ್ದರೆ ವರದಿ ಅಪೂರ್ಣವಾಗುತ್ತದೆ.

ವಿಜಯನಗರದ ನಮ್ಮ ಮನೆಯಲ್ಲಿ ಒಂದು ಸಂಜೆ, ಊಟದ ಮೇಜಿನ ಮುಂದೆ, ಇಪ್ಪತ್ತು ವರ್ಷದ ನನ್ನ ಮಗಳು ಒಂದು ವಿಷಯ ಹೇಳಿದಳು. ಮೂರು ವಾರದಿಂದ ಅವಳು ಕಾಲೇಜಿಗೆ ಹೋಗಿರಲಿಲ್ಲ. ಬಸ್ ಹತ್ತಿದರೆ ಉಸಿರು ಕಟ್ಟುತ್ತಿತ್ತು. ಎರಡು ಸ್ಟಾಪ್ ದಾಟುವಷ್ಟರಲ್ಲಿ ಇಳಿದು, ಪಾರ್ಕಿನಲ್ಲಿ ಕೂತು, ಸಂಜೆ ಮನೆಗೆ ಬರುತ್ತಿದ್ದಳು. ಅವಳು ಅಳುತ್ತ ಇದನ್ನು ಹೇಳುತ್ತಿರುವಾಗ ನಾನು ಕೇಳಿದ ಪ್ರಶ್ನೆಗಳು: ಯಾವತ್ತಿಂದ? ಯಾವ ನಂಬರ್ ಬಸ್ಸು? ಯಾವ ಪಾರ್ಕು? ಬೇರೆ ಯಾರಿಗೆ ಗೊತ್ತು? ನಾಲ್ಕನೇ ಪ್ರಶ್ನೆಗೆ ಉತ್ತರ ಬರುವ ಮೊದಲು ನನ್ನ ಫೋನ್ ರಿಂಗಾಯಿತು. ಎದ್ದು ಬಾಲ್ಕನಿಗೆ ಹೋಗಿ ಮಾತಾಡಿದೆ. ಹನ್ನೆರಡು ನಿಮಿಷ. ವಾಪಸು ಬಂದಾಗ ಮಗಳ ತಟ್ಟೆ ಇತ್ತು, ಮಗಳು ಇರಲಿಲ್ಲ.

ಆವತ್ತಿನಿಂದ ಅವಳು ನನ್ನೊಡನೆ ನೇರವಾಗಿ ಮಾತಾಡುವುದನ್ನು ನಿಲ್ಲಿಸಿದಳು. "ಅಮ್ಮ, ಅಪ್ಪನ ಕನ್ನಡಕ ಟಿವಿ ಹತ್ರ ಇದೆ ಅಂತ ಹೇಳು." ನಾನು ಎರಡು ಅಡಿ ದೂರದಲ್ಲಿ ಕೂತಿರುತ್ತಿದ್ದೆ. ನನ್ನ ಹೆಂಡತಿ ಮೊದಲ ವಾರ ಸುದ್ದಿ ಮುಟ್ಟಿಸಿದಳು. ಎರಡನೇ ವಾರ, "ರೀ, ನಾನೇನು ನಿಮ್ಮಿಬ್ಬರ ನ್ಯೂಸ್ ಏಜೆನ್ಸಿನಾ?" ಎಂದು ಸೇವೆ ನಿಲ್ಲಿಸಿದಳು.

ಮಗಳು ರಾಜಾಜಿನಗರದ ಒಬ್ಬ ಕೌನ್ಸೆಲರ್ ಹತ್ತಿರ ಹೋಗತೊಡಗಿದ್ದಳು. ಕೆಲವು ವಾರಗಳ ನಂತರ ಅವರು ನನ್ನನ್ನೂ ಕರೆಸಿದರು. ಬೇರೆ ರಾಜ್ಯದವರು, ಕನ್ನಡ ಇನ್ನೂ ಕಲಿಯುತ್ತಿದ್ದರು. "ಕನ್ನಡದಲ್ಲೇ ಹೇಳಿ ಸರ್, ಮಗಳು ನನಗೆ ಸಹಾಯ ಮಾಡ್ತಾರೆ," ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಕೈಯಾಡಿಸಿ ಬೇಡವೆಂದೆ. ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ಇಳಿಸಿದವನು ನಾನು. ಮಂತ್ರಿಗಳ ಆಂಗ್ವಿಶ್ ಅನ್ನು ಹತ್ತು ಸೆಕೆಂಡಿನಲ್ಲಿ ತೀವ್ರ ವೇದನೆ ಮಾಡಿ ಪುಟಕ್ಕೆ ಕಳಿಸಿದವನು.

"ಆವತ್ತು ಸಂಜೆ ನಿಮಗೆ ಏನನ್ನಿಸಿತು, ಸರ್?"

"ಟೆನ್ಷನ್, ಮೇಡಂ."

"ಟೆನ್ಷನ್ ಬಿಟ್ಟು ಬೇರೆ ಏನಾದರೂ?"

ಯೋಚಿಸಿದೆ. "ಫುಲ್ ಟೆನ್ಷನ್, ಮೇಡಂ."

ಮಗಳು ತಲೆಯೆತ್ತಿ ಫ್ಯಾನ್ ನೋಡಿದಳು. ಫ್ಯಾನ್ ತಿರುಗುತ್ತಿರಲಿಲ್ಲ. ಆರು ವಾರ ಬಿಟ್ಟು ಇಬ್ಬರೂ ಬನ್ನಿ, ಅಷ್ಟರಲ್ಲಿ ಸ್ವಲ್ಪ ಯೋಚಿಸಿ ಬನ್ನಿ ಎಂದು ನನಗೆ ಸೂಚನೆಯಾಯಿತು. ನನ್ನಲ್ಲಿ ಪದಗಳ ಕೊರತೆಯಿದೆ ಎಂದು ನಾನು ತೀರ್ಮಾನಿಸಿದೆ. ಪದದ ಕೊರತೆ ಎಂದರೆ ನಮ್ಮ ವೃತ್ತಿಯಲ್ಲಿ ಸುಲಭದ ಸಮಸ್ಯೆ. ಬೋರ್ಡು ಕಣ್ಣಿಗೆ ಬಿದ್ದದ್ದು ಅದೇ ವಾರ.

ತರಗತಿ ವಾರಕ್ಕೆ ಎರಡು ದಿನ, ಬೆಳಿಗ್ಗೆ ಏಳರಿಂದ ಎಂಟೂವರೆ. ಆರೇಳು ಜನ, ಎಲ್ಲರೂ ನನ್ನ ಮಗಳ ವಯಸ್ಸಿನವರು. ನನ್ನ ಪಕ್ಕ ಕೂರುತ್ತಿದ್ದವಳು ಕೊಪ್ಪಳದ ಕಡೆಯ ನರ್ಸಿಂಗ್ ಹುಡುಗಿ, ಹೇರೋಹಳ್ಳಿಯಲ್ಲಿ ಪಿ.ಜಿ.ಯಲ್ಲಿದ್ದಳು. ನಮ್ಮ ಟೈಪಿಸ್ಟ್ ಮೇಡಂ, ಕಾಲ ಯಾವುದೇ ಇರಲಿ, ಸೀರೆಯ ಮೇಲೆ ಸ್ವೆಟರ್ ತೊಟ್ಟು, ಡಬ್ಬಿಯಿಂದ ಕೋಡುಬಳೆ ಮುರಿದು ತಿನ್ನುತ್ತ ಪಾಠ ಮಾಡುತ್ತಿದ್ದರು. ಅವರು ತಿದ್ದಿದ ಪ್ರತಿ ಪುಟದಲ್ಲೂ ಎಣ್ಣೆಯ ಗುರುತು ಇರುತ್ತಿತ್ತು. ತಡವಾಗಿ ಬಂದವರನ್ನು ಕ್ಷಮಿಸುತ್ತಿರಲಿಲ್ಲ. ಕೆಟ್ಟ ಕೈಬರಹದವರನ್ನು ಮನುಷ್ಯರೆಂದೇ ಎಣಿಸುತ್ತಿರಲಿಲ್ಲ.

ಮೊದಲ ದಿನ, ನಾನು ಬಂದ ಕಾರಣವನ್ನು ಬಾಲ್ಕನಿಯ ಹನ್ನೆರಡು ನಿಮಿಷದ ಸಮೇತ ಕೇಳಿಸಿಕೊಂಡು, ನನ್ನನ್ನು ಕೇಳಿದರು. "ಈಗ ಹೆಂಗನ್ನಿಸ್ತಾ ಇದೆ ಸಾರ್?"

"ಸ್ವಲ್ಪ ಟೆನ್ಷನ್."

"ಟೆನ್ಷನ್ ಅನ್ನೋದು ಗೋಣಿಚೀಲ ಸಾರ್. ಎಲ್ರೂ ಎಲ್ಲಾನೂ ಅದ್ರೊಳಗೇ ತುಂಬ್ತಾರೆ. ಬಾಯಿ ಬಿಚ್ಚಿ, ಒಳಗೇನಿದೆ ತೋರ್ಸಿ." ಆ ಪದ ಬಳಸಿದವರು ಅವತ್ತಿನ ಬೋರ್ಡ್ ಒರೆಸಬೇಕೆಂಬುದು ಅಲ್ಲಿನ ನಿಯಮ. ಮೊದಲ ಮೂರು ವಾರ ಬೇರೆ ಯಾರಿಗೂ ಡಸ್ಟರ್ ಸಿಗಲಿಲ್ಲ. ಅಂಗಿಯ ತೋಳಿನ ಮೇಲೆ ಚಾಕ್‌ಪೀಸ್ ಪುಡಿ ನೋಡಿ, ಆಫೀಸಿನಲ್ಲಿ ನಾನು ಟ್ಯೂಷನ್ ಶುರು ಮಾಡಿದ್ದೇನೆಂದು ಸುದ್ದಿಯಾಯಿತು. ನಾನು ನಿರಾಕರಿಸಲಿಲ್ಲ.

ಏಳೂವರೆಗೆ ಕೆಳಗೆ ಗಿರಣಿ ಶುರುವಾಗುತ್ತಿತ್ತು. ಆಮೇಲಿನ ಒಂದು ಗಂಟೆ ಪಾಠವೆಲ್ಲ ಕೂಗಾಟ. ಗಿಲ್ಟ್ ಅಂದರೆ ಮಾಡಿದ ಕೆಲಸದ ಬಗ್ಗೆ, ಶೇಮ್ ಅಂದರೆ ತನ್ನ ಬಗ್ಗೆಯೇ ಎಂಬ ವ್ಯತ್ಯಾಸವನ್ನು ಅವರು ಬಸ್ ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗುವ ಹಾಗೆ ಕೂಗಿ ಕಲಿಸಿದರು. ಒಂದು ದಿನ ನನ್ನ ಸರದಿ. ಪೂರ್ತಿ ವಾಕ್ಯದಲ್ಲಿ ಹೇಳಬೇಕು. ಎದ್ದು ನಿಂತು, "ಐ ಫೀಲ್ ಹೆಲ್ಪ್‌ಲೆಸ್!" ಎಂದು ಎದೆಯುಬ್ಬಿಸಿ ಕೂಗುವುದಕ್ಕೂ ಕರೆಂಟ್ ಹೋಗಿ ಗಿರಣಿ ನಿಲ್ಲುವುದಕ್ಕೂ ಸರಿಹೋಯಿತು. ಇಳಿದು ಬರುವಾಗ, ರಾಗಿ ಡಬ್ಬ ಹಿಡಿದು ನಿಂತಿದ್ದ ಹಿರಿಯರೊಬ್ಬರು ಬಹಳ ಮೆಲ್ಲಗೆ ಕೇಳಿದರು: "ಮನೇಲಿ ಎಲ್ಲಾ ಸರಿ ಇದ್ಯಾ ಸಾರ್?"

ಅವರ ವಿಧಾನ ಒಂದೇ. ನೋಟ್‌ಬುಕ್ಕಿನ ಪುಟದ ನಡುವೆ ಗೆರೆ. ಎಡಗಡೆ, ಅನುಭವಿಸಿದವರ ಮಾತು, ಅವರು ಆಡುವ ಕನ್ನಡದಲ್ಲೇ, ತಾರೀಖಿನ ಸಮೇತ. ಬಲಗಡೆ ಇಂಗ್ಲಿಷ್ ಪದ. ಎಡಗಡೆ ತುಂಬದೆ ಬಲಗಡೆ ಮುಟ್ಟುವಂತಿಲ್ಲ. ಅದಕ್ಕೆ ತಲೆಬಾಗದ ಏಕೈಕ ವಿದ್ಯಾರ್ಥಿ ನಾನು. ಪದಗಳನ್ನು ಮೊದಲು ಬರೆದುಕೊಂಡು ಬಿಡುತ್ತಿದ್ದೆ. "ಎಡಗಡೆ ಮೊದಲು, ಸಾರ್," ಎಂದು ಅವರು ಎಷ್ಟು ಸಲ ಹೇಳಿದರೋ ಲೆಕ್ಕ ಇಟ್ಟಿಲ್ಲ.

ಈ ಗೆರೆ ಎಲ್ಲಿಂದ ಬಂತೆಂದು ಒಮ್ಮೆ ಹೇಳಿದ್ದರು. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಿದ್ದಳಂತೆ. ಡಾಕ್ಟರ ಮುಂದೆ ಆಕೆ ಹೇಳಿದ್ದು ಒಂದೇ ಮಾತು: "ಮನೇಲೇ ಇದಾನೆ ಸ್ವಾಮಿ, ಆದ್ರೆ ಮನೆಗೆ ಬಂದಿಲ್ಲ."

"ಡಾಕ್ಟ್ರು ವಿತ್‌ಡ್ರಾನ್ ಅಂದ್ರು, ತನ್ನೊಳಗೇ ಸೇರ್ಕೊಂಡೋನು ಅಂತ. ನಾನು ಟೈಪ್ ಮಾಡ್ದೆ. ತಪ್ಪೇನಿಲ್ಲ, ಸರಿಯಾದ ಪದಾನೇ. ಆದ್ರೆ ಆಯಮ್ಮ ಹೇಳಿದ್ದು ಎಲ್ಲೋಯ್ತು? ಅದು ಇಂಗ್ಲಿಷ್ ಮಿಷನ್ನು, ಕನ್ನಡ ಹೊಡೆಯಕ್ಕಾಗಲ್ಲ. ಪೆನ್ ತಗೊಂಡು ಎಡಗಡೆ ಮಾರ್ಜಿನ್ನಲ್ಲಿ ಬರೆದುಬಿಟ್ಟೆ. ಬೈತಾರೆ ಅಂದ್ಕೊಂಡೆ. ಡಾಕ್ಟ್ರು ನೋಡಿದ್ರು, ಕನ್ನಡಕ ತೆಗೆದ್ರು, ಮತ್ತೆ ಹಾಕ್ಕೊಂಡ್ರು. ನಾಳೆಯಿಂದ ಮಾರ್ಜಿನ್ ಸ್ವಲ್ಪ ಅಗಲ ಬಿಡಮ್ಮ ಅಂದ್ರು, ಅಷ್ಟೇ."

ನಾನು ಆ ರೋಗಿ ಯಾವ ಊರಿನವರು, ಯಾವ ವರ್ಷ ಎಂದು ಕೇಳಿದೆ. ಭಾನುವಾರದ ಪುರವಣಿಗೆ ಚೆನ್ನಾಗಿರುತ್ತದೆ ಎಂದು ಮನಸ್ಸಿನಲ್ಲಿ ಶೀರ್ಷಿಕೆಯನ್ನೂ ಕೊಟ್ಟಾಗಿತ್ತು. ಅವರು ಡಸ್ಟರನ್ನು ನನ್ನ ಕಡೆಗೆ ತಳ್ಳಿದರು.

ಎರಡನೇ ಭೇಟಿಯ ದಿನ ಬಂತು. ಇಪ್ಪತ್ತೆರಡು ಪದಗಳನ್ನು ಆಫೀಸಿನ ಪ್ಯಾಡಿನ ಮೇಲೆ ಬರೆದು, ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿ, ಜೇಬಿನಲ್ಲಿಟ್ಟುಕೊಂಡು ಹೋದೆ. ಆವತ್ತು ಸಂಜೆ ನಾನು ಅಪ್ರಿಹೆನ್ಸಿವ್ ಆಗಿದ್ದೆ, ಡಿಸ್ಟ್ರೆಸ್ಡ್ ಆಗಿದ್ದೆ, ಒಂದು ಮಟ್ಟಕ್ಕೆ ಓವರ್‌ವೆಲ್ಮ್ಡ್ ಕೂಡ ಆಗಿದ್ದೆ ಎಂದು ಹೇಳಿದೆ. ಕೌನ್ಸೆಲರ್ ಬರೆದುಕೊಳ್ಳುತ್ತಿದ್ದರು. ಯಾರಾದರೂ ಬರೆದುಕೊಳ್ಳುತ್ತಿದ್ದರೆ ನನಗೆ ಹುಮ್ಮಸ್ಸು ಬರುತ್ತದೆ. ಮಗಳು ಅವರ ಕಡೆ ತಿರುಗಿ, "ಅಪ್ಪ ಹೆಡ್‌ಲೈನ್ ಓದ್ತಿದಾರೆ ಮ್ಯಾಮ್," ಎಂದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಮುಂದುವರಿದು, ಮಗಳ ಈ ವರ್ತನೆಗೆ ಅವಾಯ್ಡೆನ್ಸ್ ಎನ್ನುತ್ತಾರೆಂದು, ಅವಳಲ್ಲಿ ರಿಸೆಂಟ್‌ಮೆಂಟ್, ಅಂದರೆ ಒಳಗೊಳಗಿನ ಅಸಮಾಧಾನ, ಕೂಡ ಕಾಣುತ್ತಿದೆಯೆಂದು ಕೌನ್ಸೆಲರಿಗೇ ವಿವರಿಸಿದೆ. ಮಗಳು ಎದ್ದು ಬ್ಯಾಗ್ ತಗೊಂಡು ಹೊರಗೆ ಹೋದಳು.

ಎರಡು ದಿನದ ಮೇಲೆ ಕೌನ್ಸೆಲರ್ ಫೋನ್ ಮಾಡಿದರು. ಮಗಳು ನನ್ನ ಜೊತೆ ಇನ್ನು ಒಂದೇ ಒಂದು ಸಲ ಕೂರಲು ಒಪ್ಪಿದ್ದಾಳೆ, ಅದಾದ ಮೇಲೆ ಇಲ್ಲ, ಎಂದರು.

ಆ ವಾರವೇ ಮೇಡಂ ನೋಟ್‌ಬುಕ್ ನೋಡುವ ದಿನ. ನನ್ನ ಎಡಗಡೆ ಅಷ್ಟು ಹೊತ್ತಿಗೆ ಭರ್ತಿಯಾಗಿತ್ತು. ಅರವತ್ತಕ್ಕೂ ಹೆಚ್ಚು ಸಾಲು, ಅಚ್ಚುಕಟ್ಟಾದ ಕೈಬರಹ. ಈ ಒಂದು ವಿಷಯದಲ್ಲಾದರೂ ಹೊಗಳಿಕೆ ಸಿಗುತ್ತದೆಂದು ಕಾದೆ. ಅವರು ಕೋಡುಬಳೆ ಮುರಿಯುತ್ತ ಗಟ್ಟಿಯಾಗಿ ಓದಿದರು.

"'ಸಿಗ್ನಲ್ ಬಿದ್ರೆ ಸಾಕು, ಇಡೀ ಊರೇ ನನ್ನ ಬೆನ್ನ ಮೇಲೆ ಕೂತಂಗಾಗುತ್ತೆ.' ಚೆನ್ನಾಗಿದೆ. ಯಾರ್ದು?"

"ಆಟೋ ಡ್ರೈವರ್ ಒಬ್ಬರದು, ಮೇಡಂ."

"'ಎದಿಯಾಗ ಡವಡವ ಅಂತೈತ್ರಿ, ಬಾಯಿ ಒಣಗತೈತಿ.' ಇದು ನಮ್ಮ ಹುಡುಗೀದು. ಅವಳನ್ನ ಕೇಳಿ ಬರ್ಕೊಂಡ್ರಾ?"

ನರ್ಸಿಂಗ್ ಹುಡುಗಿ ನನ್ನ ಕಡೆ ತಿರುಗಿದಳು. "ನಂದನ್ನೂ ಬಿಟ್ಟಿಲ್ಲಲ್ರೀ ಸರ!"

"ಹೆಸರು ಹಾಕಿಲ್ಲ," ಎಂದೆ.

ಮೇಡಂ ಇನ್ನೂ ನಾಲ್ಕು ಪುಟ ತಿರುವಿದರು. ನನ್ನ ಹೆಂಡತಿ, ನಮ್ಮ ಪ್ರೂಫ್ ವಿಭಾಗದವರು, ಮೆಟ್ರೊದಲ್ಲಿ ಪಕ್ಕ ಕೂತಿದ್ದವರು. ಪುಸ್ತಕ ಮುಚ್ಚಿದರು. "ಅರವತ್ತು ಜನದ್ದು ಇದೆ ಸಾರ್. ನಿಮ್ದೆಲ್ಲಿ?"

"ನಾವು ಪತ್ರಿಕೆಯವರು ಮೇಡಂ. ನಮ್ಮ ಮಾತು ನಾವೇ ಹಾಕೋ ಪದ್ಧತಿ ಇಲ್ಲ."

"ಹಂಗಾದ್ರೆ ಮಗಳ ಮುಂದೆ ಹೋಗಿ ಕೂರೋದು ಯಾರು? ನಿಮ್ಮ ಪೇಪರ್ರಾ?"

ಆಗಿನ್ನೂ ಗಿರಣಿ ಶುರುವಾಗಿರಲಿಲ್ಲ. ಅವರು ಹೊಸ ಪುಟ ತೆಗೆದು ನನ್ನ ಮುಂದಿಟ್ಟು ಆ ಸಂಜೆಯದನ್ನು ಒಂದೇ ಸಾಲಿನಲ್ಲಿ ಬರೆಯಲು ಹೇಳಿದರು. ಬರೆದೆ: "ಸಂಜೆ 7.40ಕ್ಕೆ ಮಗಳು ವಿಷಯ ತಿಳಿಸಿದಳು. ಅಷ್ಟರಲ್ಲಿ ಕಚೇರಿಯಿಂದ ಕರೆ ಬಂದ ಕಾರಣ ಮಾತು ಅರ್ಧಕ್ಕೆ ನಿಂತಿತು."

ಅವರು ಓದಿದರು. "ಫೋನ್ ಬಂದಿದ್ದಕ್ಕೆ ನಿಂತಿತು. ಪಾಪ, ಫೋನೇ ಎದ್ದು ಬಾಲ್ಕನಿಗೆ ಹೋಯ್ತಾ? ಏನ್ ವಿಷ್ಯಕ್ಕೆ ಬಂದಿತ್ತು?"

"ನನ್ನ ಪುಟದ ಒಂದು ಫೋಟೋಗೆ ಅಡಿಬರಹ ಇರಲಿಲ್ಲ."

"ಎಷ್ಟು ಹೊತ್ತಿನ ಕೆಲಸ?"

"ಒಂದು ನಿಮಿಷ."

"ಹನ್ನೆರಡು ನಿಮಿಷ ಅಂದಿದ್ರಿ ಆವತ್ತು. ಮಿಕ್ಕಿದ್ದು ಹನ್ನೊಂದು ಏನ್ಮಾಡಿದ್ರಿ?"

ಪ್ರಶ್ನೆ ಕೇಳುವುದು ನಮ್ಮ ವೃತ್ತಿ. ಇಪ್ಪತ್ತೆಂಟು ವರ್ಷದಲ್ಲಿ ಇಷ್ಟು ಒಳ್ಳೆಯ ಉಪಪ್ರಶ್ನೆಯನ್ನು ನಾನು ಯಾರಿಗೂ ಕೇಳಿರಲಿಲ್ಲ. ಅಡಿಬರಹ ಹೇಳಿದ ಮೇಲೆ ನಾಳೆಯ ಪುಟದ ಬಗ್ಗೆ ನಾನೇ ಮಾತೆತ್ತಿದ್ದೆ. ಅದು ಮುಗಿದ ಮೇಲೆ ಆ ಕಡೆಯವರಿಗೆ ಊಟವಾಯಿತೇ ಎಂದು ಕೇಳಿದ್ದೆ. ಏನೂಟ ಎಂದೂ ಕೇಳಿದ್ದೆ.

"ಫೋನ್ ಬಂದಾಗ..." ಎಂದೆ. "ಸದ್ಯ, ಬಚಾವಾದೆ ಅನ್ನಿಸ್ತು, ಮೇಡಂ."

ಕೊಪ್ಪಳದ ಹುಡುಗಿ ಕೋಡುಬಳೆ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. ಮೇಡಂ ಸಮಾಧಾನದ ಮಾತೇನೂ ಆಡಲಿಲ್ಲ. "ಬರೀರಿ. ತಾರೀಖು ಹಾಕಿ," ಎಂದರು. ಬರೆದೆ. ಕೈ ತಾನಾಗಿ ಬಲಗಡೆಗೆ ಹೋಯಿತು. ಅವರು ಪೆನ್ ಕಿತ್ತುಕೊಂಡರು. "ಅದಕ್ಕೇನವಸರ?"

ಆಮೇಲೆ ಒಳಗೆ ಹೋಗಿ ತಮ್ಮದೇ ಒಂದು ಹಳೆಯ ನೋಟ್‌ಬುಕ್ ತಂದು ತೋರಿಸಿದರು. ಮಾತಿಗೆ ಬದಲು ಅದು. ಒಂದು ಪುಟದಲ್ಲಿ ಎಡಗಡೆ ಹೀಗಿತ್ತು: "ಇವತ್ತು ಟೈಪ್‌ರೈಟರ್ ಹೊತ್ಕೊಂಡು ಹೋದ್ರು. ಮಧ್ಯಾಹ್ನವೆಲ್ಲ ಕೈ ಎಲ್ಲಿಡ್ಬೇಕು ಗೊತ್ತಾಗ್ಲಿಲ್ಲ." ಬಲಗಡೆ ಖಾಲಿ. ಹುಡುಗಿಯರು ಗ್ರೀಫ್ ಅಂದರು, ಲಾಸ್ ಅಂದರು, ಒಬ್ಬಳು ನಾಸ್ಟಾಲ್ಜಿಯಾ ಅಂದಳು. ಅವರು ಒಂದೊಂದಕ್ಕೂ ಮೇಜಿನ ಮೇಲೆ ಬೆರಳೋಡಿಸಿ ನೋಡಿ, ತಲೆಯಾಡಿಸಿದರು. "ಮೂವತ್ತು ವರ್ಷ ಟೈಪ್ ಮಾಡಿದೀನಿ ಕಣ್ರಮ್ಮ. ಇದಕ್ಕೆ ಸಿಕ್ಕಿಲ್ಲ."

ಮೂರನೇ ಭೇಟಿಗೆ ನಾನು ಪ್ಯಾಡ್ ಇಲ್ಲದೆ ಹೋದೆ. ಕೌನ್ಸೆಲರ್ ಅದೇ ಪ್ರಶ್ನೆ ಕೇಳಿದರು. ನಾನು ಮಗಳ ಕಡೆ ತಿರುಗಿ ಕನ್ನಡದಲ್ಲಿ ಹೇಳಿದೆ. "ನೀನು ಅಳ್ತಾ ಇದ್ದಾಗ ಫೋನ್ ಬಂತಲ್ಲ, ಸದ್ಯ ಬಚಾವಾದೆ ಅನ್ನಿಸ್ತು. ಕೆಲಸ ಒಂದು ನಿಮಿಷದ್ದು. ಒಳಗೆ ಬರಕ್ಕೆ ಭಯ ಆಗಿ ಅವರ ಊಟದ ವಿಚಾರ ಕೇಳ್ತಾ ನಿಂತಿದ್ದೆ."

ಕೌನ್ಸೆಲರಿಗೆ 'ಊಟ' ಒಂದು ಅರ್ಥವಾಗಿತ್ತು. ಅವರು ಮಗಳ ಮುಖ ನೋಡಿದರು. ಮಗಳು ಅವರ ಕಡೆ ತಿರುಗಿದಳು. "ರಿಲೀವ್ಡ್," ಎಂದಳು. "ಫೋನ್ ಬಂದಾಗ ಅಪ್ಪಂಗೆ ರಿಲೀವ್ಡ್ ಅನ್ನಿಸ್ತಂತೆ." ಮಿಕ್ಕದ್ದನ್ನೂ ಒಂದೂ ಬಿಡದೆ ಇಂಗ್ಲಿಷಿಗೆ ಇಳಿಸಿದಳು. ಅನುವಾದ ಚೆನ್ನಾಗಿತ್ತು. ಆಮೇಲೆ ನನ್ನ ಕಡೆ ತಿರುಗಿದಳು. "ನಂಗೊತ್ತಿತ್ತು. ನಿನ್ನ ಮುಖದಲ್ಲೇ ಕಾಣ್ತಿತ್ತು. ನೀನು ಹೇಳ್ತೀಯ ಅಂದ್ಕೊಂಡಿರ್ಲಿಲ್ಲ."

ಐದು ತಿಂಗಳಲ್ಲಿ ಅವಳು ನನಗೆ ಆಡಿದ ಮೊದಲ ಮಾತು ಅದು. ಆವತ್ತು ಆಟೋದಲ್ಲಿ ವಾಪಸು ಬರುವಾಗ ಎರಡನೇ ಮಾತು ಬರಲಿಲ್ಲ. ಮುಂದಿನ ಭೇಟಿಗೆ ಇಬ್ಬರ ಹೆಸರನ್ನೂ ಅವಳೇ ಬರೆಸಿ ಬಂದಿದ್ದಳೆಂದು ನನಗೆ ಗೊತ್ತಾದದ್ದು ಹೆಂಡತಿಯಿಂದ.

ತರಗತಿ ಮುಚ್ಚಿದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಮೇಡಂ ಜೊತೆಗಿರುವ ಅವರ ಅಕ್ಕನಿಗೆ ಮಂಡಿ ನೋವು, ಮಹಡಿ ಹತ್ತಲಾಗುವುದಿಲ್ಲ. ಕೆಂಗೇರಿಯಲ್ಲಿ ನೆಲಮಹಡಿಯ ಮನೆ ಸಿಕ್ಕಿತು. ಬೋರ್ಡು ಇಳಿಸಿದ ದಿನ, ಟೆಂಪೊಗೆ ಸಾಮಾನು ತುಂಬುತ್ತಿರುವಾಗ, ಅವರು ನನ್ನ ನೋಟ್‌ಬುಕ್ ಕೇಳಿದರು. ನೇರ ಆ ಪುಟಕ್ಕೆ ಹೋದರು.

"ಬಲಗಡೆ ಇನ್ನೂ ಖಾಲಿ ಇದೆಯಲ್ಲ ಸಾರ್. ಪದ ಸಿಗ್ಲಿಲ್ವಾ?"

"ಸಿಕ್ತು ಮೇಡಂ. ಮಗಳು ಹೇಳಿದ್ಲು."

"ಹಂಗಾದ್ರೆ ನೀವು ಬರೀಬೇಡಿ. ಅವಳ ಕೈಯಲ್ಲೇ ಬರೆಸಿ," ಎಂದು ಪುಸ್ತಕ ವಾಪಸು ಕೊಟ್ಟು, ಸ್ವೆಟರಿನ ತೋಳು ಸರಿಮಾಡಿಕೊಂಡು, ಟೆಂಪೊದ ಮುಂದಿನ ಸೀಟು ಹತ್ತಿದರು. ಬೋರ್ಡು ಅವರ ಕಾಲ ಹತ್ತಿರ ಇತ್ತು. ಕೆಂಗೇರಿಯಲ್ಲಿ ಅದನ್ನು ಮತ್ತೆ ಹಾಕುತ್ತಾರೋ ಇಲ್ಲವೋ ತಿಳಿದುಬಂದಿಲ್ಲ.

ನೋಟ್‌ಬುಕ್ ಆವತ್ತಿನಿಂದ ನಮ್ಮ ಊಟದ ಮೇಜಿನ ಮೇಲಿದೆ. ಬಲಗಡೆ ಖಾಲಿಯಿದೆ. ಮಗಳು ಕಾಲೇಜಿಗೆ ವಾರಕ್ಕೆ ಮೂರು ದಿನ ಹೋಗುತ್ತಿದ್ದಾಳೆ, ಮೆಟ್ರೊದಲ್ಲಿ.

ನಿನ್ನೆ ಸಂಜೆ ನಾಲ್ಕೂ ಐವತ್ತಕ್ಕೆ, ನನ್ನ ಪುಟ ಅಚ್ಚಿಗೆ ಹೋಗಲು ಹತ್ತು ನಿಮಿಷ ಇರುವಾಗ, ಫೋನ್ ಬಂತು. ಮಗಳು.

"ಅಪ್ಪ, ಬಸ್ಸಲ್ಲಿದೀನಿ," ಎಂದಳು. "ಎರಡು ಸ್ಟಾಪ್ ಆಯ್ತು."

ಅವಳು ವಿಜಯನಗರದಲ್ಲಿ ಇಳಿದ ಮೇಲೆ ಫೋನ್ ಇಟ್ಟಳು. ಕರೆಯ ಅವಧಿ ಇಪ್ಪತ್ತಾರು ನಿಮಿಷ. ಪುಟ ಹದಿನಾರು ನಿಮಿಷ ತಡವಾಗಿ ಹೋಯಿತು.